ಭಾರಲೋಹದ ಮಣ್ಣಿನಲ್ಲಿ ಔಷಧಿ ಗಿಡಗಳು

ಸೀಸ, ಕ್ಯಾಡ್ಮಿಯಂ, ಆರ್ಸೆನಿಕ್, ಕ್ರೋಮಿಯಂ ಒಮ್ಮೆ ಮಣ್ಣಿಗೆ ಸೇರಿದರೆ ಕೊಳೆತು ಹೋಗುವುದಿಲ್ಲ. ಕೀಟನಾಶಕವನ್ನು ಸೂಕ್ಷ್ಮಜೀವಿಗಳು ನಿಧಾನವಾಗಿಯಾದರೂ ಒಡೆಯುತ್ತವೆ. ಲೋಹವನ್ನು ಒಡೆಯಲು ಯಾವ ಜೀವಿಗೂ ಆಗದು. ಅದರ ರೂಪ ಬದಲಾಗಬಹುದು, ಜಾಗ ಬದಲಾಗಬಹುದು, ಅಷ್ಟೆ. ಹಾಗಾಗಿ ಲೋಹವಿರುವ ನೆಲದಲ್ಲಿ ಬೇರೂರಿದ ಗಿಡಕ್ಕೆ ಉಳಿಯುವ ದಾರಿಗಳು ಮುಖ್ಯವಾಗಿ ಎರಡು: ಒಳಗೆ ಬಿಡದಿರುವುದು, ಇಲ್ಲವೇ ಬಂದದ್ದನ್ನು ತನಗೆ ತೊಂದರೆಯಾಗದ ಕಡೆ ಬಚ್ಚಿಡುವುದು. ಬೇಲಿಯ ಗಿಡ ಯಾವ ದಾರಿ ಹಿಡಿದರೂ ಯಾರಿಗೂ ಚಿಂತೆಯಿಲ್ಲ. ಔಷಧಿ ಗಿಡದ ವಿಷಯ ಹಾಗಲ್ಲ. ಗಿಡ ಲೋಹವನ್ನು ಬಚ್ಚಿಟ್ಟ ಬೇರನ್ನೋ ಎಲೆಯನ್ನೋ ಮನುಷ್ಯ ಕಿತ್ತು, ಒಣಗಿಸಿ, ಪುಡಿ ಮಾಡಿ ನುಂಗುತ್ತಾನೆ.

ತುಮಕೂರು ಸೀಮೆಯಲ್ಲಿ ಈ ಪ್ರಶ್ನೆಗೆ ಹಲವು ಮುಖಗಳಿವೆ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ನಾರುಬೇರುಗಳಿಗೆ ಹಿಂದಿನಿಂದ ಹೆಸರಾದದ್ದು. ದೇವರಾಯನದುರ್ಗದ ಕಾಡಿನ ಒಂದು ಭಾಗವನ್ನು ಔಷಧಿ ಸಸ್ಯ ಸಂರಕ್ಷಣಾ ಪ್ರದೇಶವೆಂದು ಗುರುತಿಸಲಾಗಿದೆ. ಗುಬ್ಬಿ ತಾಲ್ಲೂಕಿನ ಬಿದರೆಹಳ್ಳಿ ಕಾವಲಿನಂಥ ಹಳೆಯ ಗೋಮಾಳಗಳಲ್ಲಿ, ಕುಣಿಗಲ್ ಕಡೆಯ ಹೊಲದ ಬದುಗಳಲ್ಲಿ ತಂಗಡಿ, ತುಂಬೆ, ಉತ್ತರಾಣಿ, ನೆಲನೆಲ್ಲಿ, ವಿಷ್ಣುಕ್ರಾಂತಿ, ಅಮೃತಬಳ್ಳಿಗಳು ಯಾರೂ ಬಿತ್ತದೆ ಬೆಳೆಯುತ್ತವೆ. ಕೆರೆಯಂಚಿನಲ್ಲಿ ಒಂದೆಲಗ, ನೀರುಬ್ರಾಹ್ಮಿ, ಗರುಗ.

ಲೋಹದ ಮೂಲಗಳೂ ಇಲ್ಲೇ ಇವೆ. ಗುಬ್ಬಿಯ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕಿನಲ್ಲಿ ಹಾದುಹೋಗುವ ಚಿತ್ರದುರ್ಗ ಶಿಲಾಪಟ್ಟಿಯಲ್ಲಿ ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರಿದೆ. ಅಲ್ಲಿ ಗಣಿಗಾರಿಕೆ ದಶಕಗಳ ಕಾಲ ನಡೆಯಿತು. ಬಳ್ಳಾರಿಯ ಗಣಿಗಳನ್ನು ನಿಲ್ಲಿಸಿದ ಬೆನ್ನಿಗೇ 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ತುಮಕೂರು ಮತ್ತು ಚಿತ್ರದುರ್ಗ ಜಿಲ್ಲೆಗಳ ಗಣಿಗಳನ್ನೂ ನಿಲ್ಲಿಸಿತು. ಜಿಲ್ಲೆಯ ಉಳಿದ ಭಾಗದ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಕಥೆ ಬೇರೆ. ಈ ಬಂಡೆಗಳ ಸಂದಿಯಿಂದ ಬರುವ ಆಳದ ಕೊಳವೆಬಾವಿ ನೀರಿನಲ್ಲಿ ಯುರೇನಿಯಂ ಅಂಶ ಲೀಟರಿಗೆ 30 ಮೈಕ್ರೋಗ್ರಾಂ ಎಂಬ ವಿಶ್ವ ಆರೋಗ್ಯ ಸಂಸ್ಥೆಯ ಮಿತಿಯನ್ನು ಮೀರಿರುವ ಹಳ್ಳಿಗಳು ತುಮಕೂರು, ಕೋಲಾರ ಜಿಲ್ಲೆಗಳಲ್ಲಿವೆ ಎಂಬುದನ್ನು ಭಾರತೀಯ ವಿಜ್ಞಾನ ಸಂಸ್ಥೆಯ ದಿವೇಚ ಕೇಂದ್ರದ ಅಧ್ಯಯನ ತೋರಿಸಿದೆ. ಇವೆರಡೂ ನೆಲದೊಳಗಿನ ಮೂಲಗಳು. ಹೊರಗಿನಿಂದ ಬರುವುದು ರಸಗೊಬ್ಬರ, ಹೊಗೆ ಮತ್ತು ಕೊಳಚೆ ನೀರಿನ ಮೂಲಕ. ಸೂಪರ್ ಫಾಸ್ಫೇಟ್ ತಯಾರಾಗುವ ಶಿಲಾರಂಜಕದಲ್ಲೇ ಕ್ಯಾಡ್ಮಿಯಂ ಇರುತ್ತದೆ. ಸೀಸ ಬೆರೆಸಿದ ಪೆಟ್ರೋಲು ದೇಶದಲ್ಲಿ 2000ನೇ ಇಸವಿಗೆ ನಿಂತರೂ ಅದುವರೆಗೆ ಹೆದ್ದಾರಿಗಳ ಬದಿಗೆ ಬಿದ್ದ ಸೀಸ ಮೇಲ್ಮಣ್ಣಿನ ಕೆಲವೇ ಅಂಗುಲಗಳಲ್ಲಿ ಉಳಿದಿರುತ್ತದೆ. ತುಂಬೆ, ಉತ್ತರಾಣಿ ಬೇರು ಬಿಡುವುದೂ ಆ ಪದರದಲ್ಲೇ. ಕೊಳಚೆ ಸೇರುವ ಕೆರೆಯ ಗೋಡನ್ನು ಹೊಲಕ್ಕೆ ಹೊಡೆಯುವವರು ಫಲವತ್ತಾದ ಮಣ್ಣಿನ ಜೊತೆ ಜೇಡಿಗೆ ಅಂಟಿದ ಸತು, ತಾಮ್ರ, ಸೀಸವನ್ನೂ ಹೊಡೆದಂತಾಗುತ್ತದೆ.

ಬಿದರೆಹಳ್ಳಿ ಕಾವಲಿನ 615 ಎಕರೆಯಲ್ಲಿ ಈಗ ಹಿಂದೂಸ್ತಾನ್ ಏರೋನಾಟಿಕ್ಸ್ ಸಂಸ್ಥೆಯ ಹೆಲಿಕಾಪ್ಟರ್ ಕಾರ್ಖಾನೆಯಿದೆ. 2016ರ ಜನವರಿಯಲ್ಲಿ ಶಂಕುಸ್ಥಾಪನೆಯಾಗಿ 2023ರ ಫೆಬ್ರವರಿ 6ರಂದು ಉದ್ಘಾಟನೆಗೊಂಡಿತು. ಕಾರ್ಖಾನೆ ಎಂದಾಕ್ಷಣ ಮಾಲಿನ್ಯ ಎಂದು ಬರೆಯುವುದು ಸೋಮಾರಿತನ. ಆದರೆ ಹುಲ್ಲುಗಾವಲು ಕೈಗಾರಿಕೆಯ ನೆರೆಯಾಗುವ ಯಾವ ಊರಿನಲ್ಲೂ ಮೊದಲು ಸುತ್ತಲಿನ ಮಣ್ಣಿನ ಲೋಹಾಂಶವನ್ನು ಅಳೆದು ದಾಖಲಿಸಿಡಬೇಕು. ಹಳೆಯ ಅಳತೆ ಇಲ್ಲದಿದ್ದರೆ ಮುಂದೊಮ್ಮೆ ಸಿಕ್ಕ ಲೋಹ ಬಂಡೆಯದೋ, ಗೊಬ್ಬರದ್ದೋ, ರಸ್ತೆಯದೋ ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಎಲ್ಲ ಲೋಹವೂ ಗಿಡಕ್ಕೆ ವಿಷವಲ್ಲ. ಕಬ್ಬಿಣ, ಮ್ಯಾಂಗನೀಸ್, ಸತು, ತಾಮ್ರ, ನಿಕ್ಕಲ್‌ಗಳು ಅದಕ್ಕೆ ಬೇಕೇ ಬೇಕು. ಹೆಚ್ಚಾದರೆ ಮಾತ್ರ ತೊಂದರೆ. ಸೀಸ, ಕ್ಯಾಡ್ಮಿಯಂ, ಪಾದರಸ, ಆರ್ಸೆನಿಕ್‌ಗಳಿಂದ ಔಷಧಿ ಗಿಡಕ್ಕೆ ಯಾವ ಉಪಯೋಗವೂ ಇಲ್ಲ. ಆದ್ದರಿಂದ ಅವುಗಳನ್ನು ಒಳಗೆ ತರಲೆಂದೇ ಇರುವ ಬಾಗಿಲೂ ಬೇರಿನಲ್ಲಿಲ್ಲ. ಅವು ಬರುವುದು ಬೇರೆಯವರ ಬಾಗಿಲಿನಿಂದ. ಕಬ್ಬಿಣ, ಸತು, ಕ್ಯಾಲ್ಸಿಯಂ ಸಾಗಿಸುವ ಪ್ರೋಟೀನುಗಳು ಕ್ಯಾಡ್ಮಿಯಮನ್ನೂ ಎಳೆದುಕೊಳ್ಳುತ್ತವೆ. ಕಬ್ಬಿಣದ ಕೊರತೆಯಿಂದ ಬಳಲುವ ಗಿಡ ಆ ಪ್ರೋಟೀನುಗಳನ್ನು ಹೆಚ್ಚಿಸಿಕೊಂಡು ಕ್ಯಾಡ್ಮಿಯಮನ್ನೂ ಹೆಚ್ಚಾಗಿ ಹೀರುತ್ತದೆ. ರಂಜಕದ ದಾರಿಯಲ್ಲಿ ಆರ್ಸೆನೇಟ್, ಗಂಧಕದ ದಾರಿಯಲ್ಲಿ ಕ್ರೋಮೇಟ್ ನುಗ್ಗುತ್ತವೆ. ನೀರು ನಿಂತ ಗದ್ದೆಯಲ್ಲಿ ಆರ್ಸೆನಿಕ್ಕಿನ ರೂಪ ಆರ್ಸೆನೈಟ್ ಆಗುತ್ತದೆ. ಭತ್ತದಂಥ ಗಿಡಗಳಲ್ಲಿ ಅದು ಸಿಲಿಕಾನ್ ಹೋಗುವ ದಾರಿ ಹಿಡಿಯುತ್ತದೆ. ಎಷ್ಟು ಲೋಹ ಒಳಗೆ ಹೋಗುತ್ತದೆಂಬುದು ಮಣ್ಣಿನಲ್ಲಿರುವ ಒಟ್ಟು ಲೋಹಕ್ಕಿಂತ ಮಣ್ಣಿನ ಹುಳಿಯ ಮೇಲೆ ಹೆಚ್ಚು ನಿಂತಿದೆ. ಹುಳಿ ಮಣ್ಣಿನಲ್ಲಿ ಕ್ಯಾಡ್ಮಿಯಂ, ಸತು, ಮ್ಯಾಂಗನೀಸ್ ಸುಲಭವಾಗಿ ಕರಗುತ್ತವೆ. ಸುಣ್ಣವಿರುವ ಮಣ್ಣು ಅವನ್ನು ಹಿಡಿದಿಟ್ಟುಕೊಳ್ಳುತ್ತದೆ.

ಗಿಡದ ಮೊದಲ ರಕ್ಷಣೆ ಬೇರಿನ ಹೊರಗೇ ಶುರುವಾಗುತ್ತದೆ. ಬೇರಿನ ತುದಿ ಸಿಟ್ರಿಕ್, ಮ್ಯಾಲಿಕ್ ಮುಂತಾದ ಆಮ್ಲಗಳನ್ನೂ ಲೋಳೆಯನ್ನೂ ಸ್ರವಿಸಿ ಲೋಹದ ಅಯಾನುಗಳನ್ನು ಅಲ್ಲಲ್ಲೇ ಕಟ್ಟಿಹಾಕುತ್ತದೆ. ಬೇರಿನೊಂದಿಗೆ ಬಾಳುವ ಮೈಕೊರೈಜಾ ಶಿಲೀಂಧ್ರಗಳು ತಮ್ಮ ಎಳೆಗಳಲ್ಲಿ ಒಂದಿಷ್ಟನ್ನು ಹಿಡಿದಿಡುತ್ತವೆ. ಒಳಗೆ ಬಂದ ಸೀಸದ ಬಹುಪಾಲು ಕೋಶಭಿತ್ತಿಯ ಪೆಕ್ಟಿನ್‌ಗೆ ಅಂಟಿಕೊಂಡು ಬೇರಿನಲ್ಲೇ ಉಳಿಯುತ್ತದೆ. ಇದನ್ನೂ ದಾಟಿದ್ದಕ್ಕೆ ಬೇರಿನ ಒಳಸುತ್ತಿನಲ್ಲಿ ಕ್ಯಾಸ್ಪೇರಿಯನ್ ಪಟ್ಟಿ ಎಂಬ ತಡೆ ಇದೆ. ಕ್ರೋಮಿಯಂ, ಯುರೇನಿಯಂ, ಸೀಸ ಈ ಹಂತದಲ್ಲೇ ಬಹುಮಟ್ಟಿಗೆ ನಿಲ್ಲುತ್ತವೆ. ಕ್ಯಾಡ್ಮಿಯಂ, ಸತು, ಮ್ಯಾಂಗನೀಸ್ ಮತ್ತು ನಿಕ್ಕಲ್ ಮಾತ್ರ ಕಾಂಡ, ಎಲೆಗಳವರೆಗೂ ಸಲೀಸಾಗಿ ಏರುತ್ತವೆ. ಇವುಗಳಲ್ಲಿ ಮನುಷ್ಯನಿಗೆ ಅತಿ ಕಡಿಮೆ ಪ್ರಮಾಣದಲ್ಲೇ ಕೆಡುಕು ಮಾಡುವುದು ಕ್ಯಾಡ್ಮಿಯಂ. ಅದು ಮೂತ್ರಪಿಂಡದಲ್ಲಿ ದಶಕಗಟ್ಟಲೆ ಕೂರುತ್ತದೆ.

ಕೋಶದೊಳಗೆ ಬಂದುಬಿಟ್ಟ ಲೋಹವನ್ನು ಗಿಡ ಹೇಗೆ ನಿಭಾಯಿಸುತ್ತದೆ ಎಂಬುದರ ಮುಖ್ಯ ಉತ್ತರ ಸಿಕ್ಕಿದ್ದು ಒಂದು ಔಷಧಿ ಗಿಡದಲ್ಲೇ. ರಕ್ತದೊತ್ತಡದ ಔಷಧವಾದ ರೆಸರ್ಪಿನ್ 1952ರಲ್ಲಿ ದೊರೆತ ಸರ್ಪಗಂಧದ ಕೋಶಗಳನ್ನು ಮ್ಯೂನಿಕ್‌ನ ಪ್ರಯೋಗಾಲಯದಲ್ಲಿ ದ್ರವ ಮಾಧ್ಯಮದಲ್ಲಿ ಬೆಳೆಸಲಾಗುತ್ತಿತ್ತು. ಎರ್ವಿನ್ ಗ್ರಿಲ್, ಅರ್ನ್ಸ್ಟ್-ಲುಡ್ವಿಗ್ ವಿನ್ನಾಕರ್ ಮತ್ತು ಮೈನ್‌ಹಾರ್ಟ್ ಝೆಂಕ್ ಆ ಕೋಶಗಳಿಗೆ ಕ್ಯಾಡ್ಮಿಯಂ ಕೊಟ್ಟಾಗ ಅದುವರೆಗೆ ಗಿಡಗಳಲ್ಲಿ ಗುರುತಿಸಿರದ ಒಂದು ಬಗೆಯ ಪೆಪ್ಟೈಡ್‌ಗಳು ಹುಟ್ಟಿಕೊಂಡವು. 1985ರಲ್ಲಿ ಅವುಗಳಿಗೆ ಫೈಟೋಕೀಲೇಟಿನ್ ಎಂದು ಹೆಸರಿಟ್ಟರು. ಎಲ್ಲ ಕೋಶಗಳಲ್ಲೂ ಇರುವ ಗ್ಲುಟಾಥಯೋನ್ ಅಣುಗಳನ್ನು ಒಂದಕ್ಕೊಂದು ಜೋಡಿಸಿ ಗಿಡ ಇವನ್ನು ತಯಾರಿಸುತ್ತದೆ. ಸರಪಳಿಯಲ್ಲಿ ಗ್ಲುಟಾಮಿಕ್ ಆಮ್ಲ ಮತ್ತು ಸಿಸ್ಟೀನಿನ ಜೋಡಿ 2ರಿಂದ 11 ಬಾರಿ ಬರಬಹುದು. ಸಿಸ್ಟೀನಿನಲ್ಲಿರುವ ಗಂಧಕ ಕ್ಯಾಡ್ಮಿಯಮನ್ನು ಕಚ್ಚಿ ಹಿಡಿಯುತ್ತದೆ. ಈ ಕೆಲಸ ಮಾಡುವ ಕಿಣ್ವ ಕೋಶದಲ್ಲಿ ಮೊದಲೇ ಸಿದ್ಧವಾಗಿರುತ್ತದೆ. ಲೋಹ ಬಂದರೆ ಚುರುಕಾಗುತ್ತದೆ, ಲೋಹ ಮುಗಿದರೆ ತಣ್ಣಗಾಗುತ್ತದೆ. ಅದರ ಜೀನು 1999ರಲ್ಲಿ ಮೂರು ತಂಡಗಳಿಗೆ ಬೇರೆಬೇರೆಯಾಗಿ ಸಿಕ್ಕಿತು.

ಕಟ್ಟಿಹಾಕಿದ ಲೋಹ ಮುಂದೆ ಹೋಗುವುದು ರಸದಾನಿಗೆ, ಅಂದರೆ ಕೋಶದ ಬಹುಭಾಗ ಜಾಗವನ್ನು ಆಕ್ರಮಿಸಿಕೊಂಡಿರುವ ನೀರಿನ ಚೀಲಕ್ಕೆ. ಅದರ ಪೊರೆಯಲ್ಲಿರುವ ಪಂಪುಗಳು ಲೋಹ ಮತ್ತು ಫೈಟೋಕೀಲೇಟಿನ್ ಜೋಡಿಯನ್ನು ಒಳಗೆ ತಳ್ಳುತ್ತವೆ. ಒಳಗಿನ ಹುಳಿಯಲ್ಲಿ ಲೋಹ ಸಾವಯವ ಆಮ್ಲಗಳ ಜೊತೆ ಕೂಡಿ ಅಲ್ಲೇ ಇರುತ್ತದೆ. ದ್ಯುತಿಸಂಶ್ಲೇಷಣೆ, ಉಸಿರಾಟ, ಜೀನುಗಳ ಕೆಲಸ ಎಲ್ಲವೂ ನಡೆಯುವುದು ರಸದಾನಿಯ ಹೊರಗೆ. ಅವಕ್ಕೆ ಅಡ್ಡಿಯಾಗದಂತೆ ಲೋಹವನ್ನು ಮೂಲೆಗೆ ಸೇರಿಸಿದ ಗಿಡ ಹಸಿರಾಗಿಯೇ ಕಾಣುತ್ತದೆ. ಇದಲ್ಲದೆ ಮೆಟಲೋಥಯೋನೀನ್ ಎಂಬ ಸಣ್ಣ ಪ್ರೋಟೀನುಗಳು ತಾಮ್ರ, ಸತುವನ್ನು ಸಂಭಾಳಿಸುತ್ತವೆ. ನಿಕ್ಕಲ್‌ಗೆ ಹಿಸ್ಟಿಡಿನ್ ಜೊತೆಗಾರ. ಕೆಲವು ಗಿಡಗಳು ಲೋಹವನ್ನು ಎಲೆಯ ರೋಮಗಳಿಗೆ ತಳ್ಳುತ್ತವೆ. ಹೊಗೆಸೊಪ್ಪು ಕ್ಯಾಲ್ಸಿಯಂ ಜೊತೆ ಕ್ಯಾಡ್ಮಿಯಮನ್ನು ಹರಳು ಮಾಡಿ ರೋಮದ ತುದಿಯಿಂದ ಉದುರಿಸುವುದನ್ನು ಸೂಕ್ಷ್ಮದರ್ಶಕದಲ್ಲಿ ಕಂಡಿದ್ದಾರೆ. ಮುದಿ ಎಲೆಗೆ ಲೋಹವನ್ನು ಸಾಗಹಾಕಿ ಅದನ್ನು ಉದುರಿಸುವುದು ಇನ್ನೊಂದು ಉಪಾಯ. ಬುಡದ ಹಳದಿ ಎಲೆಗಳನ್ನು ಸಂಗ್ರಹಕ್ಕೆ ಸೇರಿಸಬಾರದು ಎಂಬ ಹಳೆಯ ರೂಢಿಗೆ ಇದೊಂದು ಹೊಸ ಕಾರಣ.

ಇಷ್ಟಾದರೂ ಒಂದಿಷ್ಟು ಲೋಹ ಕೋಶದಲ್ಲಿ ಅಲೆದಾಡುತ್ತಲೇ ಇರುತ್ತದೆ. ತಾಮ್ರ ಮತ್ತು ಕಬ್ಬಿಣ ಹೈಡ್ರೋಜನ್ ಪೆರಾಕ್ಸೈಡನ್ನು ಸೀಳಿ ಅತಿ ಉಗ್ರವಾದ ಹೈಡ್ರಾಕ್ಸಿಲ್ ಕಣಗಳನ್ನು ಹುಟ್ಟಿಸುತ್ತವೆ. ಕ್ಯಾಡ್ಮಿಯಂ ತಾನೇ ಇದನ್ನು ಮಾಡಲಾರದು. ಆದರೆ ಗ್ಲುಟಾಥಯೋನ್ ಸಂಗ್ರಹವನ್ನು ಬರಿದು ಮಾಡಿ ಅದೇ ಪರಿಣಾಮಕ್ಕೆ ದಾರಿ ಮಾಡುತ್ತದೆ. ಪೊರೆಗಳ ಕೊಬ್ಬು ಕೆಡುತ್ತದೆ, ಪತ್ರಹರಿತ್ತು ಇಳಿಯುತ್ತದೆ, ಬೇರು ಮೋಟಾಗುತ್ತದೆ. ಗಿಡ ಸೂಪರಾಕ್ಸೈಡ್ ಡಿಸ್‌ಮ್ಯೂಟೇಸ್, ಕೆಟಲೇಸ್, ಪೆರಾಕ್ಸಿಡೇಸ್ ಕಿಣ್ವಗಳಿಂದಲೂ ಸಿ ಜೀವಸತ್ವ ಮತ್ತು ಗ್ಲುಟಾಥಯೋನ್ ಸೇರಿದ ಚಕ್ರದಿಂದಲೂ ಇದನ್ನು ಎದುರಿಸುತ್ತದೆ. ಈ ಕಿಣ್ವಗಳನ್ನು ಅಳೆಯುವ ಪ್ರಬಂಧಗಳು ನೂರಾರು ಬಂದಿವೆ. ಗಿಡದ ಹೆಸರು, ಲೋಹದ ಹೆಸರು ಬದಲಾಗುತ್ತವೆ, ಫಲಿತಾಂಶ ಹೆಚ್ಚುಕಡಿಮೆ ಒಂದೇ: ಲೋಹ ಕಡಿಮೆಯಿದ್ದಾಗ ಕಿಣ್ವ ಏರುತ್ತದೆ, ಮಿತಿ ಮೀರಿದಾಗ ಕುಸಿಯುತ್ತದೆ. ಇವುಗಳಲ್ಲಿ ಬಹುಪಾಲು ಕುಂಡದಲ್ಲೋ ಪೋಷಕ ದ್ರವದಲ್ಲೋ ಕೆಲವೇ ವಾರ ನಡೆದ ಪ್ರಯೋಗಗಳು, ಹೊಲದ ಮಣ್ಣಿನಲ್ಲಿ ಎಂದೂ ಸಿಗದಷ್ಟು ಲೋಹ ಸುರಿದು ಮಾಡಿದವು. ಅವುಗಳಿಂದ ಹೊಲದ ಬಗ್ಗೆ ತೀರ್ಮಾನಕ್ಕೆ ಬರುವುದು ಕಷ್ಟ.

ಹೆಚ್ಚು ಕುತೂಹಲದ ಪ್ರಶ್ನೆ ಔಷಧಿ ಸತ್ವದ್ದು. ಗಿಡದ ಆಲ್ಕಲಾಯ್ಡ್, ಫೀನಾಲ್, ಟರ್ಪೀನುಗಳು ಮೂಲತಃ ಹುಳು, ರೋಗ, ಬಿಸಿಲಿನ ಎದುರು ಅದು ಮಾಡಿಕೊಂಡ ಏರ್ಪಾಡು. ಲೋಹದ ಹೊಡೆತವೂ ಜಾಸ್ಮೋನಿಕ್ ಆಮ್ಲದಂಥ ಅದೇ ಸಂಕೇತಗಳನ್ನು ಎಬ್ಬಿಸುವುದರಿಂದ ಸತ್ವ ಹೆಚ್ಚಬಹುದು ಎಂಬ ನಿರೀಕ್ಷೆಯಿದೆ. ಲಖನೌದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯಲ್ಲಿ ತುಳಸಿಗೆ ಕ್ರೋಮಿಯಂ ಕೊಟ್ಟು ನೋಡಿದಾಗ ಬೆಳವಣಿಗೆ ಕುಗ್ಗಿದರೂ ಯೂಜಿನಾಲ್ ಹೆಚ್ಚಿತ್ತು. 2004ರಲ್ಲಿ ಅದು ಪ್ರಕಟವಾಯಿತು. ಮರುವರ್ಷ ನೆಲನೆಲ್ಲಿಯ ಮೇಲಿನ ಅಧ್ಯಯನದಲ್ಲಿ ಕ್ಯಾಡ್ಮಿಯಂನಿಂದ ಫಿಲಾಂಥಿನ್ ಹೆಚ್ಚಾದದ್ದು ಕಂಡಿತು. ಇದಕ್ಕೆ ತದ್ವಿರುದ್ಧ ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ 2003ರ ಫಲಿತಾಂಶ. ಯುರೋಪಿನಲ್ಲಿ ಖಿನ್ನತೆಗೆ ಬಳಸುವ ಹೈಪರಿಕಂ ಸಸಿಗಳು ನಿಕ್ಕಲ್ ತಗುಲಿದಾಗ ಹೈಪರ್‌ಫೋರಿನ್ ತಯಾರಿಸುವುದನ್ನೇ ಬಿಟ್ಟವು. ಹೈಪರಿಸಿನ್ 15ರಿಂದ 20 ಪಟ್ಟು ಇಳಿಯಿತು. ಗಿಡ ಸತ್ತಿರಲಿಲ್ಲ, ಔಷಧಿ ಸತ್ತಿತ್ತು. ಒಟ್ಟಿನಲ್ಲಿ ಗಿಡ, ಲೋಹ, ಪ್ರಮಾಣ ಮತ್ತು ವಯಸ್ಸು ಬದಲಾದಂತೆ ಉತ್ತರವೂ ಬದಲಾಗುತ್ತದೆ. ಸತ್ವ ಹೆಚ್ಚಿತೆಂಬ ಪ್ರಬಂಧಗಳನ್ನು ಓದುವಾಗ ಒಂದು ಅಂಶ ಮರೆಯಬಾರದು: ಎಲೆ ಚಿಕ್ಕದಾದಾಗ ಗ್ರಾಂ ಲೆಕ್ಕದಲ್ಲಿ ಸತ್ವ ಹೆಚ್ಚಿದಂತೆ ಕಂಡರೂ ಇಡೀ ಗಿಡದ ಲೆಕ್ಕದಲ್ಲಿ ಕಡಿಮೆಯೇ ಆಗಿರಬಹುದು. ಜೊತೆಗೆ ಆ ಎಲೆಯಲ್ಲಿ ಲೋಹವೂ ಇದೆ. ಸತ್ವ ಹೆಚ್ಚಿಸಲು ಲೋಹದ ಲವಣ ಬಳಸುವುದು ಅಂಗಾಂಶ ಕೃಷಿಯ ಬಾಟಲಿಗೆ ಸರಿ, ಹೊಲಕ್ಕಲ್ಲ.

ಔಷಧಿ ಬೆಳೆಗಳಲ್ಲಿ ತುಮಕೂರು ಜಿಲ್ಲೆಗೆ ಅತಿ ಹತ್ತಿರದ್ದು ಬಜೆ. ಕೊರಟಗೆರೆ ತಾಲ್ಲೂಕಿನ ರೈತರು ಅದನ್ನು ಭತ್ತದ ಗದ್ದೆಯಂಥ ಕೆಸರಿನಲ್ಲಿ ಬೆಳೆದು, ಕೊಂಬನ್ನು ಕಿತ್ತು ಒಣಗಿಸಿ ಮಾರುತ್ತಾರೆ. ಗ್ರಂದಿಗೆ ಅಂಗಡಿಗೆ ಬರುವುದು ಅದೇ ಕೊಂಬು. ಬಾಣಂತಿ ಮನೆಗಳಲ್ಲಿ ಸಾಣೆಕಲ್ಲಿನ ಮೇಲೆ ತೇದು ಕೂಸಿಗೆ ನೆಕ್ಕಿಸುವುದೂ ಅದೇ. ನೀರು ನಿಂತ ಮಣ್ಣಿನಲ್ಲಿ ಉಸಿರಾಡಲು ಬಜೆಯ ಅಂಗಾಂಶದಲ್ಲಿ ಗಾಳಿಕೊಳವೆಗಳಿವೆ. ಅವುಗಳಿಂದ ಬೇರಿನ ಸುತ್ತ ಸೋರುವ ಆಮ್ಲಜನಕ ಕೆಸರಿನಲ್ಲಿ ಕರಗಿದ ಕಬ್ಬಿಣವನ್ನು ತುಕ್ಕು ಮಾಡಿ ಬೇರಿನ ಮೇಲೆ ಕೆಂಪು ಲೇಪ ಕಟ್ಟುತ್ತದೆ. ಆರ್ಸೆನಿಕ್ ಆ ಲೇಪಕ್ಕೆ ಗಟ್ಟಿಯಾಗಿ ಅಂಟುತ್ತದೆ, ಬೇರೆ ಲೋಹಗಳೂ ಒಂದಿಷ್ಟು. ಕಬ್ಬಿಣ ಹೇರಳವಾಗಿರುವ ಕೆಂಪು ಮಣ್ಣಿನಲ್ಲಿ ಇದೊಂದು ಸ್ವಾಭಾವಿಕ ರಕ್ಷಣೆ. ಕ್ಯಾಡ್ಮಿಯಂಗೆ ಇನ್ನೊಂದು ತಡೆಯೂ ಇದೆ: ಆಮ್ಲಜನಕವಿಲ್ಲದ ಕೆಸರಿನಲ್ಲಿ ಅದು ಗಂಧಕದ ಜೊತೆ ಸೇರಿ ಕರಗದಂತಾಗುತ್ತದೆ. ಕೊಯ್ಲಿಗೆ ಮುಂಚೆ ಗದ್ದೆಯ ನೀರು ಬಸಿದು ಮಣ್ಣು ಒಣಗಿದಾಗ ಅದು ಮತ್ತೆ ಕರಗುತ್ತದೆ. ಅಂದರೆ ಆರ್ಸೆನಿಕ್ ಇರುವ ಕಡೆ ಒಣಗಿಸುವುದು ಒಳ್ಳೆಯದು, ಕ್ಯಾಡ್ಮಿಯಂ ಇರುವ ಕಡೆ ನೀರು ನಿಂತಿರುವಂತೆ ಬಿಡುವುದು ಒಳ್ಳೆಯದು. ಎರಡೂ ಇದ್ದರೆ ಸುಲಭದ ಉತ್ತರವಿಲ್ಲ. ಮಣ್ಣಿನ ಪರೀಕ್ಷೆಯಿಲ್ಲದೆ ಯಾವ ಸಲಹೆಯೂ ಅರ್ಧ ಸಲಹೆಯೇ.

ಬೇರೇ ಔಷಧಿಯಾಗಿರುವ ಬಜೆ, ಅಶ್ವಗಂಧ, ಸರ್ಪಗಂಧ, ಲಾವಂಚಗಳಲ್ಲಿ ಗಿಡದ ಜಾಣ್ಮೆ ಬಳಸುವವನಿಗೆ ಪ್ರತಿಕೂಲ. ಎಲೆಯನ್ನು ಕಾಪಾಡಲು ಗಿಡ ಸೀಸವನ್ನು ಬೇರಿನಲ್ಲಿ ತಡೆಯುತ್ತದೆ, ಮನುಷ್ಯ ಬೇರನ್ನೇ ಕೇಳುತ್ತಾನೆ. ಒಣಗಿಸಿದಾಗ ಲೆಕ್ಕ ಇನ್ನೂ ಬಿಗಿಯಾಗುತ್ತದೆ: ನೂರು ಗ್ರಾಂ ಹಸಿ ಕೊಂಬು ಒಣಗಿ 25 ಗ್ರಾಂ ಆದರೆ ನೀರು ಹೋಗಿರುತ್ತದೆ, ಲೋಹ ಅಷ್ಟೂ ಉಳಿದು ಗ್ರಾಂ ಲೆಕ್ಕದಲ್ಲಿ ನಾಲ್ಕು ಪಟ್ಟಾಗಿರುತ್ತದೆ. ಎಲೆಯ ಗಿಡಗಳಲ್ಲಿ ಭಯ ಕ್ಯಾಡ್ಮಿಯಂ ಮತ್ತು ಧೂಳಿನದು. ರಸ್ತೆ ಬದಿಯ ಎಲೆಯ ಮೇಲಿನ ಸೀಸದಲ್ಲಿ ಒಂದು ಭಾಗ ತೊಳೆದರೆ ಹೋಗುತ್ತದೆ. ಮೇಣದ ಪದರಕ್ಕೆ ಇಳಿದದ್ದು ಹೋಗುವುದಿಲ್ಲ. ನೀರುಬ್ರಾಹ್ಮಿಯ ಬಗ್ಗೆ ವಿಶೇಷ ಎಚ್ಚರ ಬೇಕು. ಕೊಳಚೆ ನೀರಿನಿಂದ ಲೋಹ ಹೀರಿ ನೀರನ್ನು ಶುದ್ಧ ಮಾಡಲು ವಿಜ್ಞಾನಿಗಳು ಪ್ರಯೋಗಿಸಿರುವ ಗಿಡಗಳಲ್ಲಿ ಅದೂ ಒಂದು. ಆ ಗುಣವಿರುವ ಗಿಡವನ್ನು ಚರಂಡಿ ಸೇರುವ ಕೆರೆಯಿಂದ ಕಿತ್ತು ನೆನಪಿನ ಶಕ್ತಿಗೆಂದು ಮಕ್ಕಳಿಗೆ ಕೊಡುವುದು ವಿಪರ್ಯಾಸ.

ಲೋಹವನ್ನು ಬೇಕೆಂದೇ ಅತಿಯಾಗಿ ತುಂಬಿಕೊಳ್ಳುವ ಗಿಡಗಳೂ ಇವೆ. ಒಣ ಎಲೆಯ ಕಿಲೋಗ್ರಾಂಗೆ ಸಾವಿರ ಮಿಲಿಗ್ರಾಂಗೂ ಹೆಚ್ಚು ನಿಕ್ಕಲ್ ಹಿಡಿದವನ್ನು 1977ರಲ್ಲಿ ರಾಬರ್ಟ್ ಬ್ರೂಕ್ಸ್ ತಂಡ ಅತಿಸಂಗ್ರಾಹಕ ಎಂದು ಕರೆಯಿತು. ಹಳೆಯ ಗೋಡೆ, ಬಾವಿಕಟ್ಟೆಗಳಲ್ಲಿ ಬೆಳೆಯುವ ಪ್ಟೆರಿಸ್ ವಿಟಾಟಾ ಜರೀಗಿಡ ಆರ್ಸೆನಿಕ್ಕನ್ನು ಹೀಗೆ ಸೇರಿಸಿಕೊಳ್ಳುತ್ತದೆ ಎಂಬುದು 2001ರಲ್ಲಿ ತಿಳಿಯಿತು. ಯಾದಗಿರಿ ಜಿಲ್ಲೆಯ ಮಂಗಳೂರು ಗ್ರೀನ್‌ಸ್ಟೋನ್ ಪಟ್ಟಿಯ ಹಳೆಯ ಚಿನ್ನದ ಗಣಿ ಪ್ರದೇಶದಲ್ಲಿ, ಕಿರದಳ್ಳಿ ತಾಂಡಾದಂಥ ಕಡೆ, ನೀರು ಮಣ್ಣುಗಳಲ್ಲಿ ಆರ್ಸೆನಿಕ್ ಇರುವುದನ್ನೂ ಜನರ ಚರ್ಮದ ಮೇಲೆ ಅದರ ಗುರುತುಗಳನ್ನೂ 2013ರ ಒಂದು ಅಧ್ಯಯನ ದಾಖಲಿಸಿದೆ. ಅಂಥ ನೆಲದ ಯಾವ ನಾರುಬೇರೂ ಪರೀಕ್ಷೆಯಿಲ್ಲದೆ ಚೀಲ ಸೇರಬಾರದು. ಕೋಲಾರದ ಚಿನ್ನದ ಗಣಿ 2001ರಲ್ಲಿ ಮುಚ್ಚಿದಾಗ ಬಿಟ್ಟುಹೋದ, ಜನ ಸೈನೈಡ್ ಗುಡ್ಡ ಎನ್ನುವ ದಿಬ್ಬಗಳ ಸುತ್ತಲಿನ ಸಸ್ಯಕ್ಕೂ ಇದೇ ಮಾತು.

ಭಾರತೀಯ ಆಯುರ್ವೇದ ಔಷಧಕೋಶದ ಮಿತಿಗಳು ಹೀಗಿವೆ: ಹತ್ತು ಲಕ್ಷ ಭಾಗಕ್ಕೆ ಸೀಸ 10, ಆರ್ಸೆನಿಕ್ 3, ಪಾದರಸ 1, ಕ್ಯಾಡ್ಮಿಯಂ 0.3. ಮಿತಿಯ ಅಂಚಿನಲ್ಲಿರುವ ಚೂರ್ಣವನ್ನು ದಿನಕ್ಕೆ 5 ಗ್ರಾಂ ತೆಗೆದುಕೊಂಡರೆ 50 ಮೈಕ್ರೋಗ್ರಾಂ ಸೀಸ ಹೊಟ್ಟೆಗೆ ಹೋಗುತ್ತದೆ. ಮಕ್ಕಳಿಗೆ ಸೀಸದ ಸುರಕ್ಷಿತ ಮಟ್ಟವೆಂಬುದೇ ಗೊತ್ತಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾಣೆಕಲ್ಲಿನಲ್ಲಿ ತೇದ ಬಜೆಯ ಪ್ರಮಾಣ ಬಹಳ ಕಡಿಮೆ, ಚೂರ್ಣದ ಚಮಚಕ್ಕೆ ಹೋಲಿಕೆಯೇ ಅಲ್ಲ. ಆದರೂ ಕೂಸಿನ ತೂಕವೂ ಅಷ್ಟೇ ಕಡಿಮೆ. ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡಿತೆಂಬ 2004ರ ವರದಿ ದೊಡ್ಡ ಗದ್ದಲ ಎಬ್ಬಿಸಿತು. ಭಾರತ ಸರ್ಕಾರ 2006ರ ಜನವರಿಯಿಂದ ರಫ್ತಾಗುವ ಸಸ್ಯೌಷಧಿಗಳಿಗೆ ಲೋಹ ಪರೀಕ್ಷೆ ಕಡ್ಡಾಯ ಮಾಡಿತು. ಆ ವಾದದಲ್ಲಿ ಎರಡು ವಿಷಯಗಳು ಕಲಸಿಹೋದವು. ಆಯುರ್ವೇದದ ಭಾಗವಾದ ರಸಶಾಸ್ತ್ರದಲ್ಲಿ ಲೋಹವನ್ನು ತಿಳಿದೇ ಸೇರಿಸುತ್ತಾರೆ. ಅದರ ಸರಿತಪ್ಪು ಬೇರೆ ಚರ್ಚೆ. ಗಿಡ ಮಣ್ಣಿನಿಂದ ಎತ್ತಿ ತಂದ ಲೋಹ ಯಾರೂ ಸೇರಿಸದ್ದು, ಯಾವ ಲೇಬಲ್ಲಿನಲ್ಲೂ ಇಲ್ಲದ್ದು. ಸ್ಥಳೀಯ ಮಾರುಕಟ್ಟೆಗೆ ಬಿಡಿಯಾಗಿ ಬರುವ ಬೇರು ಸೊಪ್ಪಿಗೆ ಇಂದಿಗೂ ಸಾಮಾನ್ಯವಾಗಿ ಯಾವ ಪರೀಕ್ಷೆಯೂ ಇಲ್ಲ.

ತಯಾರಿಕೆಯ ವಿಧಾನವೂ ಲೆಕ್ಕಕ್ಕೆ ಬರುತ್ತದೆ. ಚೂರ್ಣದಲ್ಲಿ ಗಿಡದ ಲೋಹ ಪೂರ್ತಿ ಒಳಗೆ ಹೋಗುತ್ತದೆ. ಕಷಾಯದಲ್ಲಿ ನೀರಿಗೆ ಬಿಡುವುದು ಒಂದು ಭಾಗ ಮಾತ್ರ. ಉಳಿದದ್ದು ಸಿಪ್ಪೆಯಲ್ಲೇ ಇರುತ್ತದೆ. ಆವಿಯಲ್ಲಿ ಬಟ್ಟಿ ಇಳಿಸಿದ ಎಣ್ಣೆಗೆ ಲೋಹ ಬಹುತೇಕ ಬರುವುದೇ ಇಲ್ಲ. ಈ ಕಾರಣಕ್ಕೆ ಕೆಟ್ಟ ನೆಲಕ್ಕೆ ಸುಗಂಧ ಬೆಳೆಗಳನ್ನು ಸೂಚಿಸುವ ವಾಡಿಕೆ ಬಂದಿದೆ: ಲಾವಂಚ, ಮಜ್ಜಿಗೆ ಹುಲ್ಲು, ಪಾಮರೋಸಾ. ಲಾವಂಚದ ಆಳದ ಬೇರು ಗಣಿಯ ಸಡಿಲ ಮಣ್ಣನ್ನು ಹಿಡಿದು ಧೂಳನ್ನೂ ತಡೆಯುತ್ತದೆ. ತೊಂದರೆ ಇರುವುದು ಬಟ್ಟಿಯಾದ ಮೇಲೆ ಉಳಿಯುವ ಬೇರು ಮತ್ತು ಹುಲ್ಲಿನಲ್ಲಿ. ಗೊಬ್ಬರಕ್ಕೋ ದನದ ಮೇವಿಗೋ ಅದನ್ನು ಹಾಕಿದರೆ ಲೋಹ ಮತ್ತೆ ಚಲಾವಣೆಗೆ ಬರುತ್ತದೆ.

ಒಳ್ಳೆಯ ನೆಲವನ್ನು ಒಳ್ಳೆಯದಾಗಿಯೇ ಇಡುವುದು ಇದೆಲ್ಲಕ್ಕಿಂತ ಅಗ್ಗ. ಹುಳಿ ಮಣ್ಣಿಗೆ ಸುಣ್ಣ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ, ಗಂಧಕದ ಕೊರತೆಯಿದ್ದರೆ ಜಿಪ್ಸಂ: ಇವು ಮೂರೂ ಲೋಹವನ್ನು ಮಣ್ಣಿನಲ್ಲೇ ಹಿಡಿಯುವುದಕ್ಕೋ ಗಿಡದ ಗ್ಲುಟಾಥಯೋನ್ ತಯಾರಿಕೆಗೋ ನೆರವಾಗುತ್ತವೆ. ಆರ್ಸೆನಿಕ್ ಇರುವ ಕಡೆ ಮಾತ್ರ ಸುಣ್ಣ ಅದನ್ನು ಸಡಿಲಿಸಬಹುದು. ವಿಶ್ವ ಆರೋಗ್ಯ ಸಂಸ್ಥೆ 2003ರಲ್ಲಿ ಹೊರತಂದ ಔಷಧಿ ಸಸ್ಯಗಳ ಕೃಷಿ ಮತ್ತು ಸಂಗ್ರಹದ ಮಾರ್ಗಸೂಚಿ ರಸ್ತೆ ಬದಿ, ಚರಂಡಿ, ಗಣಿ ಮತ್ತು ಕಸದ ರಾಶಿಗಳ ಹತ್ತಿರ ಗಿಡ ಕೀಳಬಾರದೆನ್ನುತ್ತದೆ. ಕಾಡು, ಕಾವಲುಗಳಲ್ಲಿ ನಾರುಬೇರು ಆಯ್ದು ಮಾರುವವರಿಗೆ ಆ ಮಾತು ತಲುಪಬೇಕಾದರೆ ಖರೀದಿದಾರನೇ ಮೂಟೆಯ ಮೇಲೆ ಊರು, ಜಾಗ, ಕಿತ್ತ ತಿಂಗಳು ಬರೆಸಿಕೊಳ್ಳುವ ಪದ್ಧತಿ ಬರಬೇಕು. ಪರೀಕ್ಷೆಯಲ್ಲಿ ಲೋಹ ಕಂಡಾಗ ಅದು ಯಾವ ನೆಲದಿಂದ ಬಂತೆಂದು ಹಿಂದಕ್ಕೆ ಹೋಗಿ ನೋಡಲು ಸದ್ಯ ಬೇರೆ ದಾರಿಯಿಲ್ಲ.